ಅಸ್ತರು

ಬಟ್ಟೆ ಕೊಳ್ಳುವಾಗ ಬಣ್ಣ ಆಮೇಲೆ ನೋಡುತ್ತೇನೆ.
ಮೊದಲು ತುಟಿಗೆ ಒತ್ತಿ ಊದುತ್ತೇನೆ.
ಆಚೆ ಬದಿಯ ಅಂಗೈಗೆ ಉಸಿರು ತಾಗಿದರೆ
ಗಜಕ್ಕೆಷ್ಟು ಎಂದು ಕೇಳುತ್ತೇನೆ,
ತಾಗದಿದ್ದರೆ ಮಡಚಿ ವಾಪಸ್ಸು.
ಬೋವಾಕ್ ಪೇಟೆಯ ಅಂಗಡಿಯವಳು ನಗುತ್ತಾಳೆ:
‘ಬಂದಳು ನೋಡು, ಥಾನಿಗೆ ಮುತ್ತು ಕೊಡುವವಳು.’

ಈ ಸಲವೂ ಕೆಂಪು ಸ್ಯಾಟಿನ್ ಹರವಿದಳು,
ಮನಿಲಾದಿಂದ ಬಂದದ್ದು, ಬೆಳಕು ಬಿದ್ದರೆ ಹರಿಯುವಂಥದ್ದು.
ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದೆ.
ಕರಗಿ ಕಪ್ಪು ಮಣಿಯಾಯಿತು.
ಸುಟ್ಟರೂ ಬೂದಿಯಾಗದ್ದು
ಬೆವರನ್ನು ಹೇಗೆ ಕುಡಿದೀತು?
ಆದರೂ ಮೂರು ಗಜ ಕತ್ತರಿಸು ಅಂದೆ.
ರೋಮಿನ ಸಿಪಾಯಿಯ ಮೇಲಂಗಿ
ನಮ್ಮ ದುಡ್ಡಿಗೆ ಬೇರೆ ಯಾವುದರಲ್ಲಿ ಹೊಳೆದೀತು?

ಪವಿತ್ರ ವಾರ ಪೂರ್ತಿ ನನ್ನ ಗಂಡ ಯೂಟಿಕಿಯೊ
ಮರದ ಮುಖ ತೊಟ್ಟು, ಕುದುರೆಬಾಲದ ಗಡ್ಡ ಕಟ್ಟಿ,
ತಗಡಿನ ಎದೆಗವಚ, ಮೊಂಡು ಕತ್ತಿ,
ಬಿಸಿಲಲ್ಲಿ ಊರು ಸುತ್ತುತ್ತಾನೆ. ಹರಕೆ.
ಮುಖದ ಹಿಂದೆ ಯಾರೆಂದು ಯಾರಿಗೂ ತಿಳಿಯಬಾರದು.
ಎಲ್ಲರಿಗೂ ತಿಳಿದಿದೆ, ಯಾರೂ ಹೇಳುವುದಿಲ್ಲ.
ನೆರೆಮನೆಯ ನಾಯಿ ಮಾತ್ರ ಬಾಲ ಅಲ್ಲಾಡಿಸಿಬಿಡುತ್ತದೆ.

‘ಅಸ್ತರು ಬೇಡ’ ಅಂದ, ಅಳತೆಗೆ ಕೈ ಎತ್ತಿ ನಿಂತು.
‘ಸೆಕೆಯೇ ಹರಕೆ. ನೀನು ಗಾಳಿ ಹೊಲಿದುಕೊಟ್ಟರೆ
ನಾನು ತೀರಿಸುವುದೇನನ್ನು?’
ನನ್ನ ಬಾಯ ತುಂಬ ಗುಂಡುಸೂಜಿ. ಉತ್ತರ ಕೊಡಲಿಲ್ಲ.

ಹೋದ ವರ್ಷ ಶುಕ್ರವಾರ ಮಧ್ಯಾಹ್ನ ಸೇತುವೆಯ ಹತ್ತಿರ ಕುಸಿದಾಗ
ಮುಖವಾಡ ಬಿಚ್ಚಲು ಹಿಂಜರಿದರು ಜನ,
ಗುಟ್ಟು ಒಡೆದೀತೆಂದು.
ನಾನೇ ಬಿಚ್ಚಿದೆ.
ಒಳಗೆ ಬೇಯಿಸಿದ ಕೆಸುವಿನಗಡ್ಡೆಯಂಥ ಮುಖ.
ಬೆನ್ನಿಗಂಟಿದ ಬಟ್ಟೆಯನ್ನು ಸುಲಿಯಬೇಕಾಯಿತು.

ಹರಕೆ ಹೊತ್ತದ್ದು ಮಗಳಿಗೆ. ಅಮಿಹಾನ್,
ಹೆಸರಿಗಷ್ಟೇ ತಂಗಾಳಿ. ಮೈ ಕೆಂಡ.
ಆಸ್ಪತ್ರೆಯ ದಾರಿ ನದಿಯಡಿಯಲ್ಲಿದ್ದ ರಾತ್ರಿ
ಅವನು ಶಿಲುಬೆಯ ಮುಂದೆ ಮಂಡಿಯೂರಿದ.
ನಾನು ಮೈದಾ ಚೀಲ ಬಿಚ್ಚಿ, ನೆನೆಸಿ,
ಅವಳಿಗೆ ಸುತ್ತುತ್ತ ಕೂತೆ.
ಬೆಳಗಿನ ಜಾವ ಕಣ್ಣು ಬಿಟ್ಟಳು.
ಎರಡರಲ್ಲಿ ಯಾವುದು ನಾಟಿತೋ,
ನಾವಿಬ್ಬರೂ ಇದುವರೆಗೆ ಜಗಳವಾಡಿಲ್ಲ.

ಹತ್ತಿಯ ಚೀಲ ಈಗ ಅಪರೂಪ, ಎಲ್ಲ ಪ್ಲಾಸ್ಟಿಕ್ಕು.
ಬೇಕರಿಯ ಮುದುಕ ನನಗೆಂದೇ ಕೆಲವು ತೆಗೆದಿಟ್ಟಿದ್ದ.
ಮೂರು ಸಲ ಕುದಿಸಬೇಕು, ಗಂಜಿ ಬಿಡಬೇಕು.
ಗಿರಣಿಯ ನೀಲಿ ಅಕ್ಷರ ಪೂರ್ತಿ ಹೋಗುವುದಿಲ್ಲ, ಹೋಗದಿರಲಿ.
ಲಿನನ್ ಒಳ್ಳೆಯದು, ಅನಾನಸ್ ನಾರಿನದು ಇನ್ನೂ ಒಳ್ಳೆಯದು,
ಅದು ಮದುಮಗನಿಗೆ, ಮೇಯರನಿಗೆ.
ಕುದಿದು ಕುದಿದು ಮೆತ್ತಗಾದ ಚೀಲ
ಯಾರ ಬೆನ್ನು ಎಂದು ವಿಚಾರಿಸುವುದಿಲ್ಲ.

ಅವನು ಮಲಗಿದ ಮೇಲೆ ಹೊಲಿದೆ,
ಯಂತ್ರ ಸದ್ದು ಮಾಡುತ್ತದೆಂದು ಕೈಯಲ್ಲೇ.
ಬೆನ್ನಿಗೆ ಒಂದೇ ಪದರ, ಸಡಿಲ,
ಕೆಳಗೆ ಹೊಲಿಯದೆ ಬಿಟ್ಟೆ,
ಗಾಳಿಗೂ ಒಂದು ಹಿತ್ತಿಲ ಬಾಗಿಲು ಬೇಕಲ್ಲ.
ಕಂಕುಳಲ್ಲಿ ಸ್ಯಾಟಿನ್ನನ್ನೇ ಕತ್ತರಿಸಿ ತೆಗೆದು
ಚೀಲದ ತುಂಡು ಕೂರಿಸಿದೆ,
ಕತ್ತಿ ಎತ್ತಿದರಷ್ಟೇ ಕಾಣುವ ಹಾಗೆ.
ತಗಡು ಒತ್ತುವ ಹೆಗಲಿಗೆ ಎರಡು ಪದರ.
ಮುಖವಾಡದ ಹಣೆಗೆ ಬಿಚ್ಚಿ ಒಗೆಯುವ ಪಟ್ಟಿ.

ಸೋಮವಾರ ತೋಳು ತೂರಿಸುವಾಗ ಒಂದು ಕ್ಷಣ ತಡೆದ.
ನಾನು ಒಲೆಯ ಕಡೆ ತಿರುಗಿದೆ.
ವಾರವಿಡೀ ಅವನು ಕೇಳಲಿಲ್ಲ.

ಈಸ್ಟರ್ ಸಂಜೆ ಒಗೆಯಲೆಂದು ಹುಡುಕಿದರೆ
ಮೇಲಂಗಿ ಆಗಲೇ ಹಿತ್ತಿಲ ತಂತಿಯ ಮೇಲಿತ್ತು,
ಒಳಮೈ ಹೊರಗಾಗಿ.
ಉಪ್ಪಿನ ಗೆರೆ ದ್ವೀಪದ ಅಂಚಿನಂತೆ ಸುತ್ತಿಕೊಂಡು ಹೋಗಿ
ನೀಲಿ ಅಕ್ಷರದಲ್ಲಿ ನಿಂತಿತ್ತು:
ನಿವ್ವಳ ತೂಕ ಇಪ್ಪತ್ತೈದು ಕಿಲೊ.

‘ಸೆಕೆ ಇತ್ತು’ ಅಂದ ಹಿಂದಿನಿಂದ,
ನಾನು ಏನೂ ಕೇಳದಿದ್ದರೂ.
‘ಇರಲೇಬೇಕಲ್ಲ’ ಅಂದೆ.