ಕೀಪರ್ ನಿಲ್ಲುವ ಜಾಗ

ಮೊದಲ ವರ್ಷ ನಾನು ಸ್ಟಂಪಿಗೆ ಅಂಟಿಕೊಂಡೇ ನಿಂತಿದ್ದೆ,
ಗೋಡೆಗೆ ಹಲ್ಲಿಯ ಹಾಗೆ.
ಟೆನಿಸ್ ಬಾಲು. ದಾವಣಗೆರೆ ಹೈಸ್ಕೂಲ್ ಮೈದಾನದ ಮೂಲೆ.
ಜಬೀನಾ ನಾಲ್ಕೇ ಹೆಜ್ಜೆ ಓಡಿ ಬರುತ್ತಿದ್ದಳು
ಬಸ್ಸು ತಪ್ಪೀತೆಂದು ಓಡುವವರಂತೆ,
ಒಂದು ಕೈಯಲ್ಲಿ ದುಪಟ್ಟಾದ ಗಂಟು ಬಿಗಿ ಮಾಡುತ್ತ.

ಅವರಪ್ಪನದು ಮಂಡಕ್ಕಿ ಭಟ್ಟಿ.
ಬೆಳಗಿನ ಮೂರಕ್ಕೇ ಮರಳು ಕಾಯುತ್ತದೆ,
ಉಪ್ಪುನೀರುಂಡ ಅಕ್ಕಿ ಅದಕ್ಕೆ ಬಿದ್ದದ್ದೇ ತಡ
ಬೆಚ್ಚಿ ಎದ್ದು ಕೂರುತ್ತದೆ.
ಜರಡಿ ಹಿಡಿಯುವುದು ಇವಳ ಪಾಳಿ, ಎಂಟನೇ ವಯಸ್ಸಿನಿಂದ.
ಆ ಭುಜ ಎಲ್ಲಿಂದ ಬಂತೆಂದು ಆಮೇಲೆ ಕೇಳಿದವರಿಗೆ
"ಜಿಮ್ಮು" ಅಂದಳು, ನಗದೆ.

ತಿಪ್ಪೇಶಣ್ಣನೆಂದರೆ ನಮ್ಮ ಕ್ಲಬ್ಬಿನ ಎಲ್ಲವೂ:
ಕಾರ್ಯದರ್ಶಿ, ಕೋಚು, ಮ್ಯಾಟಿಗೆ ಮೊಳೆ ಹೊಡೆಯುವವನು.
ಹರಿಹರದವರ ಮೇಲೆ ಮ್ಯಾಚು. ಮುಹೂರ್ತಗಳ ಭಾನುವಾರ.
ಹುಡುಗರು ಒಂಬತ್ತೇ ಜನ; ಕೀಪರನದಂತೂ ಸ್ವಂತ ತಂಗಿಯ ಮದುವೆ.
ಅಣ್ಣ ನಮ್ಮಿಬ್ಬರನ್ನು ನೋಡಿದ.
"ಲೆಕ್ಕಕ್ಕಾದ್ರೂ ನಿಂತ್ಕೊಳ್ರಿ" ಅಂದ.

ಚರ್ಮದ ಬಾಲು ಅವಳ ಕೈಗೆ ಅದೇ ಮೊದಲು.
ಮೂಸಿ ನೋಡಿದಳು.
"ಚಪ್ಪಲಿ ಅಂಗಡಿ ವಾಸ್ನೆ ಐತೆ ಕಣೇ ಕೊಟ್ರಿ."
ಎದುರು ನಿಂತ ಹುಡುಗ ಹೆಲ್ಮೆಟ್ ತೆಗೆದು
ಅಂಪೈರಿನ ಕೈಗಿಟ್ಟ. ಮೈದಾನವೆಲ್ಲ ನಕ್ಕಿತು.
ಮೂರನೆಯ ಎಸೆತ ಮ್ಯಾಟಿನ ಹೊಲಿಗೆಗೆ ಬಿದ್ದು
ಅವನ ಗದ್ದದ ಕೆಳಗೆ ಗಾಳಿ ಬಿಟ್ಟು
ನನ್ನ ಎಡ ತೋರುಬೆರಳಿಗೆ ಬಡಿಯಿತು.
ಅವನು ಹೆಲ್ಮೆಟ್ ವಾಪಸು ಕೇಳಿದ.
ನಾನು ಐದು ಹೆಜ್ಜೆ ಹಿಂದೆ ಸರಿದೆ.

ಅಲ್ಲಿಂದ ನನ್ನ ಲೆಕ್ಕವೆಲ್ಲ ಹೆಜ್ಜೆಗಳದು.
ರಾಣೆಬೆನ್ನೂರಿನಲ್ಲಿ, ಗಾಳಿ ಅವಳ ಬೆನ್ನಿಗಿದ್ದ ದಿನ, ಎಂಟು.
ಚಿತ್ರದುರ್ಗದಲ್ಲಿ, ಬಂಡೆ ಕಾದು ಊರೇ ಹೆಂಚಾಗಿದ್ದ ಮಧ್ಯಾಹ್ನ,
ಹನ್ನೊಂದು. ನಾಲ್ಕು ವಿಕೆಟ್ಟು.
ಐದನೆಯದು ನೋಬಾಲೆಂದು ಹೋಯಿತು.
ಅಲ್ಲವೆಂದು ಇವತ್ತಿಗೂ ಜಗಳವಾಡುತ್ತಾಳೆ.
ಹೌದು, ಆಗಿತ್ತು. ನಾನು ಕಂಡಿದ್ದೆ. ಹೇಳಿಲ್ಲ.

ಪೇಪರಿನವರು ಹೆಸರು ಅವಳದು ಹಾಕಿ
ಫೋಟೋ ನನ್ನದು ಹಾಕಿದರು.
ಅವರಪ್ಪ ಅದನ್ನೇ ಕತ್ತರಿಸಿ ಭಟ್ಟಿಯ ಗೋಡೆಗೆ ಅಂಟಿಸಿದ.
ನನ್ನ ಮುಖ ಅಲ್ಲಿ ದಿನಾ ಹೊಗೆ ಕುಡಿಯುತ್ತದೆ.

ಮಾತು ಬರದೆ ಇರುತ್ತದೆಯೇ?
ಅವಳ ಓಣಿಯಲ್ಲಿ ಅವಳ ಪ್ಯಾಂಟಿನ ಬಗ್ಗೆ,
ನನ್ನ ಓಣಿಯಲ್ಲಿ ನಾನು ಯಾರ ಡಬ್ಬಿಯಲ್ಲಿ ಉಣ್ಣುತ್ತೇನೆಂಬ ಬಗ್ಗೆ.
ಇಬ್ಬರೂ ಮಿರ್ಚಿ ಕಡಿದು ನೀರು ಕುಡಿದೆವು.

ತುಮಕೂರಿನ ಆಯ್ಕೆಗೆ ಜೊತೆಯಲ್ಲೇ ಹೋದೆವು.
ಹದಿನಾಲ್ಕು ಹೆಜ್ಜೆ.
ಅವಳ ನಾಲ್ಕು ಎಸೆತ ಬಿಟ್ಟೆ ನಾನು,
ಬೇರೆ ಯಾರದೂ ಒಂದೂ ಬಿಡಲಿಲ್ಲ.
ಅದನ್ನು ಯಾರೂ ಬರೆದುಕೊಳ್ಳಲಿಲ್ಲ.
ಸಂಜೆ ಪಟ್ಟಿ ಓದಿದರು. ನಮ್ಮೂರಿನದು ಒಂದೇ ಹೆಸರು.

ವಾಪಸು ಬರುವ ರೈಲಿನಲ್ಲಿ
ಅವಳು ನನ್ನ ಬೆರಳಿಗೆ ಬಟ್ಟೆ ಸುತ್ತುತ್ತ ಕೂತಳು,
ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತ.
ಬೀರೂರು ದಾಟಿದ ಮೇಲೆ "ನೋವಾ?" ಅಂದಳು.
"ಹೂಂ" ಅಂದೆ.
ಎಲ್ಲಿ ಅಂತ ಕೇಳಲಿಲ್ಲ ಅವಳು.

ಈಗ ಬೆಂಗಳೂರಿನ ಕ್ಲಬ್ಬು.
ಹಾಸ್ಟೆಲ್ಲಿನ ಅನ್ನ ಅಂಟಂಟು ಅಂತೆ,
ತಿಂಗಳಿಗೊಮ್ಮೆ ಬಸ್ಸಿನಲ್ಲಿ ಮಂಡಕ್ಕಿ ಚೀಲ ಹೋಗುತ್ತದೆ,
ನಡುವೆ ನಮ್ಮಮ್ಮನ ಶೇಂಗಾ ಚಟ್ನಿಪುಡಿ.
ನಿನ್ನೆ ಫೋನಿಗೊಂದು ವಿಡಿಯೋ ಕಳಿಸಿದ್ದಳು.
ಉದ್ದಕ್ಕೆ ಬೆಳೆದ ಓಟ, ತಲೆಯ ಮೇಲಿಂದ ಇಳಿಯುವ ಆ ಕೈ.
ನೂರು ಸಲ ಕಂಡದ್ದೇ.
ನಾನು ನೋಡಿದ್ದು ಹಿಂದಿನವಳನ್ನು.
ಹೊಸ ಗ್ಲೌಸು ತೊಟ್ಟ ಯಾವಳೋ ಹುಡುಗಿ,
ಇಪ್ಪತ್ತು ಹೆಜ್ಜೆ ಇರಬಹುದು, ಇನ್ನೂ ಹತ್ತಿರವೇ.

"ನಿಮ್ಮ ಕೀಪರಿಗೆ ಇನ್ನೆರಡು ಹಿಂದೆ ಸರೀಲಿಕ್ಕೆ ಹೇಳು"
ಅಂತ ಬರೆದೆ, ಮಡಚದ ಬೆರಳನ್ನು ಆಚೆಗೆ ಚಾಚಿ.