ಎತ್ತಿದ ಕೈ

ಶ್ಚೆಚಿನ್ ಊರಿನ ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ಕ್ರೇನಿನ ಗಾಜುಗೂಡಿನಲ್ಲಿ ಕೂತು
ನಲವತ್ತು ಟನ್ನಿನ ಉಕ್ಕನ್ನು
ಎರಡೇ ಬೆರಳಲ್ಲಿ ಎತ್ತಿದವಳು ನಾನು, ಲೆಯೊಕಾದಿಯಾ.
ಎತ್ತುವ ಮೊದಲು ಗಂಟೆ ಬಾರಿಸಬೇಕು,
ಕೆಳಗೆ ಒಂದು ನರಪಿಳ್ಳೆಯೂ ಇರಕೂಡದು.
ಇದ್ದರೆ ಬಾಯಿಗೆ ಬಂದಂತೆ ಬೈದು ಓಡಿಸುತ್ತಿದ್ದೆ,
ಮ್ಯಾನೇಜರನಾದರೂ ಸರಿ.

ಈಗ ನಾನೇ ಕೆಳಗೆ.
ಅಂಗಾತ.

ಮೂಳೆ ಒಳಗೊಳಗೇ ಟೊಳ್ಳಾಗುತ್ತಿದೆಯಂತೆ.
ಚಿತ್ರಪಟ ಹಿಡಿದು ಡಾಕ್ಟರ ಹುಡುಗಿ ಹೇಳಿದಳು:
ಸ್ವಲ್ಪ ಭಾರ ಎತ್ತಬೇಕಮ್ಮ, ಅಭ್ಯಾಸವಿದೆಯಾ?
ಇದೆ ಅಂದೆ.
ಸುಳ್ಳೇನಲ್ಲ.

ಅಂಗಡಿಯಲ್ಲಿ ಕಪ್ಪು ಬಣ್ಣದ ಚೌಕಟ್ಟು,
ಕೈ ಸೋತರೆ ಹಿಡಿಯಲು ಎರಡು ತಡೆಗಂಬಿ.
ಎರಡು ತಿಂಗಳ ಪಿಂಚಣಿ.
ಬೆಲೆಚೀಟಿಯನ್ನು ಮಗುಚಿಟ್ಟು ಆಚೆ ಬಂದೆ.

ನಮ್ಮ ವಠಾರದ ಅಂಗಳದಲ್ಲಿ ಜಮಖಾನೆ ಬಡಿಯುವ ಕಂಬಿಯಿದೆ,
ಕಾಂಕ್ರೀಟಿನಲ್ಲಿ ಹೂತ ಎರಡು ಕಾಲು, ಮೇಲೊಂದು ಅಡ್ಡ.
ಜಮಖಾನೆ ಈಗ ಯಾರೂ ಬಡಿಯುವುದಿಲ್ಲ,
ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದ ಮಕ್ಕಳಿಗೆ
ಮೀಸೆ ಬಂದು, ಮದುವೆಯಾಗಿ, ಹೊಟ್ಟೆಯೂ ಬಂತು.
ಮೂರು ದಿನ ಅದಕ್ಕೆ ಜೋತುಬಿದ್ದು ನೋಡಿದೆ.
ಕೂದಲೆಳೆಯಷ್ಟೂ ಅಲುಗಲಿಲ್ಲ.
ನೆಲಮಾಳಿಗೆಯ ಕೊಳವೆಗೇ ಕಟ್ಟಬಹುದಲ್ಲ ಅಂದರು ಕೆಲವರು.
ಕೊಳವೆ ನೀರು ಹೊರಲಿಕ್ಕೆ.
ನನ್ನನ್ನು ಹೊರಲಿಕ್ಕಲ್ಲ.

ಲಾರಿಯ ಬ್ರೊನಿಸ್ವಾವ್ ಸರಕು ಬಿಗಿಯುವ ಪಟ್ಟಿ ಕೊಟ್ಟ,
ಕಿತ್ತಳೆ ಬಣ್ಣದವು, ಮೂರು. ಎರಡು ಟನ್ ತಡೆಯುತ್ತೆ,
ಬರೆದಿದೆ ನೋಡು, ಅಂದ.
ಬರೆದದ್ದನ್ನು ಓದುವ ಕಣ್ಣಲ್ಲ ನನ್ನದು.
ಗೇಣು ಗೇಣಾಗಿ ಬೆರಳ ಸಂದಿಯಲ್ಲಿ ಎಳೆದು ನೋಡಿದೆ.
ಒಂದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚು.
ಅದು ಟೊಮೆಟೊ ಬಳ್ಳಿಗಾಯಿತು.

ಪೇಂಟಿನ ಡಬ್ಬಿಗೆ ಸಿಮೆಂಟು ಕಲಸಿ ಸುರಿದೆ,
ಬಚ್ಚಲಮನೆಯ ತೂಕದ ಯಂತ್ರದ ಮೇಲಿಟ್ಟು ಗುರುತು ಬರೆದೆ.
ಸಾರುವೆಯ ಹಳೆಯ ಕೊಳವೆಯೇ ದಂಡ.
ಮುಚ್ಚಿದ ಶಾಲೆಯ ಬೆಂಚೇ ಹಾಸಿಗೆ.
ಎರಡು ಪಟ್ಟಿಯ ಎರಡು ತೊಟ್ಟಿಲಲ್ಲಿ ದಂಡ ಮಲಗಿಸಿ
ನನ್ನೆದೆಯಿಂದ ಒಂದು ಬೆರಳು ಮೇಲೆ ನಿಲ್ಲಿಸಿದೆ.

ಮೊದಲು ನಾನು ಮಲಗಲಿಲ್ಲ.
ನನ್ನ ಕುತ್ತಿಗೆಯ ಜಾಗದಲ್ಲಿ, ಕುತ್ತಿಗೆಯ ಎತ್ತರಕ್ಕೇ,
ಮಡಿಸಿದ ಕಂಬಳಿಯ ಮೇಲೊಂದು ಮೊಟ್ಟೆ ಇಟ್ಟೆ.
ದಂಡ ಎತ್ತಿ ಬಿಟ್ಟೆ.
ಪಟ್ಟಿ ಹಿಗ್ಗಿತು, ಹಳದಿ ಹರಿಯಿತು.
ಹಾಗಾದರೆ ನಾನು ಸತ್ತೆ, ಅಂದುಕೊಂಡು ಬೆಂಚು ಒರೆಸಿದೆ.
ಒಂದು ಗಂಟು ಮೇಲೆ ಬಿಗಿದು
ಇನ್ನೊಂದು ಮೊಟ್ಟೆ.
ಅದು ಉಳಿಯಿತು. ಮತ್ತೆ ಬಿಟ್ಟೆ, ಮತ್ತೂ ಉಳಿಯಿತು.
ಸಂಜೆ ಅದನ್ನೇ ಬೇಯಿಸಿ ತಿಂದೆ, ಉಪ್ಪು ಜಾಸ್ತಿಯೇ ಹಾಕಿ.

ಬೆಳಗಿನ ಐದಕ್ಕೆ, ಓದ್ರಾ ನದಿಯ ಮಂಜು
ಇನ್ನೂ ಕಸದ ಡಬ್ಬಿಗಳ ಸುತ್ತ ಇರುವಾಗ, ಮಲಗುತ್ತೇನೆ.
ಬೀಳಬಹುದಾದ ಜಾಗದಿಂದಲೇ ನನ್ನ ಶುರು:
ಅಲ್ಲಿಂದ ಮೇಲಕ್ಕೆ, ಮತ್ತೆ ಅಲ್ಲಿಗೇ.
ಕಳೆದ ಮಂಗಳವಾರ ಏಳನೆಯದರಲ್ಲಿ ತೋಳು ಕೈಕೊಟ್ಟಿತು.
ಪಟ್ಟಿ ಗಿರ್ ಅಂದಿತು. ದಂಡ ನಿಂತಿತು.
ದಂಡಕ್ಕೂ ನನಗೂ ನಡುವೆ
ಒಂದು ಬೆರಳಿನಷ್ಟು ತಣ್ಣನೆಯ ಗಾಳಿ.
ಅದರಲ್ಲೇ ಉಸಿರಾಡುತ್ತ ಸುಮಾರು ಹೊತ್ತು ಬಿದ್ದಿದ್ದೆ.

ಮೂರನೆಯ ಮಹಡಿಯ ಕಿಟಕಿಯಲ್ಲಿ ತೆಯೊಫಿಲ್,
ಕಟ್ಟೆಯಲ್ಲಿ ಕೊಕ್ಕೆ ಹಾಕುತ್ತಿದ್ದವ, ಈಗ ಕಿವಿ ಪೂರಾ ಕಿವುಡು,
ತೋರುಬೆರಳು ಮೇಲೆತ್ತಿ ಸಣ್ಣಗೆ ಸುತ್ತುತ್ತಿದ್ದ:
ಎತ್ತು, ಎತ್ತು.
ಆಗೆಲ್ಲ ಅವನೇ ಅನ್ನುತ್ತಿದ್ದದ್ದು,
ಎತ್ತುವುದರಲ್ಲಿ ಇವಳು ಎತ್ತಿದ ಕೈ ಎಂದು.
ಎತ್ತಿದ್ದು ಕ್ರೇನು ಕಣೋ, ನಾನಲ್ಲ,
ಅಂತ ಕೂಗಿದೆ. ಅವನಿಗೆಲ್ಲಿ ಕೇಳಬೇಕು.

ಕಂಬಿಗೊಂದು ಸೈಕಲ್ ಗಂಟೆ ಸಿಕ್ಕಿಸಿದ್ದೇನೆ.
ಮಲಗುವ ಮೊದಲು ಎರಡು ಸಲ ಬಾರಿಸುತ್ತೇನೆ,
ರೂಢಿ.
ಕೆಳಗಿರುವವಳು ಕೇಳಿಸಿಕೊಳ್ಳುತ್ತಾಳೆ,
ಏಳುವುದಿಲ್ಲ.