ಹಿತ್ತಾಳೆ ಕಿವಿ

ಗಂಗಾವಳಿ ದಾಟಿ ಹತ್ತೂವರೆಯ ಬಸ್ಸಿಗೆ
ಕುಮಟೆಗೆ ಬರುತ್ತಾರೆ ಸುಬೇದಾರ ಬೀರಣ್ಣ ನಾಯಕರು.
ಕೈಯಲ್ಲಿ ಅವಲಕ್ಕಿ ಡಬ್ಬ. ಒಳಗೆ ಅವಲಕ್ಕಿಯಲ್ಲ,
ಒಮ್ಮೆ ಸಿಡಿದು ಬರಿದಾದ ಐವತ್ತು ತೋಟೆಗಳು.
“ರಾಯ್ಕರರೇ, ನಿಮ್ಮ ತಕ್ಕಡಿ ಬೇಕಿತ್ತು.”

ತಕ್ಕಡಿಗೂ ಈಗ ಬಿಡುವೇ.
ಬಳೆ, ಸರ ಎಲ್ಲ ಶೋರೂಮಿನಿಂದ ಸಿದ್ಧವಾಗಿ ಬರುತ್ತವೆ;
ನನ್ನ ಪಾಲಿಗೆ ಕೊಂಡಿ ಕಳಚಿದ ಮೂಗುತಿ.
ಅಕ್ಕಸಾಲೆ ಅಕ್ಕನ ಚಿನ್ನವನ್ನೂ ಬಿಡ ಅಂತಾರಲ್ಲ,
ಹಿತ್ತಾಳೆಯಲ್ಲಿ ಏನು ಕದಿಯಲಿ?
ಅದಕ್ಕೇ ಇರಬೇಕು ಇವರಿಗೆ ಇಷ್ಟು ನಂಬಿಕೆ.

ಒಂದೊಂದಾಗಿ ತಟ್ಟೆಗೆ. ಆ ಕಡೆ ಗುಲಗಂಜಿ.
ಒಂದು ಕಾಳು ಹೆಚ್ಚಾದರೆ ಎಡಕ್ಕೆ, ಕಮ್ಮಿಯಾದರೆ ಬಲಕ್ಕೆ,
ಸಮ ನಿಂತದ್ದು ಮಾತ್ರ ಡಬ್ಬಕ್ಕೆ.
“ಹೊರಗೆ ಎಲ್ಲ ಒಂದೇ ಅಳತೆ ಮಾರಾಯ್ರೆ.
ತೂಕ ಹೆಚ್ಚೆಂದರೆ ಗೋಡೆ ದಪ್ಪ, ಒಳಗೆ ಜಾಗ ಇಕ್ಕಟ್ಟು.
ಅದೇ ಮದ್ದು ಅಲ್ಲಿ ಬೇರೆ ಮಾತಾಡುತ್ತದೆ.”

ಮದ್ದಿನ ಮಾತು ನನಗೂ ಗೊತ್ತು, ಬೇರೆ ದಾರಿಯಿಂದ.
ಗೆರಟೆಯ ಇದ್ದಿಲು ಮುಂಗೋಪಿ, ಊದಿದೊಡನೆ ಮೈಮೇಲೆ ಬರುತ್ತದೆ.
ಮತ್ತಿಯದು ನಿಧಾನ, ಕೊನೆಯವರೆಗೂ ಕಾಯಿಸುತ್ತದೆ.
ಮೂಗುತಿಗೆ ಅದು, ಕಡಗಕ್ಕೆ ಇದು.
“ಅದೇ, ಅದೇ!” ಮೇಜು ಕುಟ್ಟಿದರು ನಾಯಕರು.
ಹಗುರ ಗುಂಡಿಗೆ ಅವಸರದ ಮದ್ದು,
ಭಾರದ ಗುಂಡಿಗೆ, ಉದ್ದ ನಳಿಗೆಗೆ ತಾಳ್ಮೆಯದು.
ಬರುವ ತಿಂಗಳು ಕಾರವಾರದಲ್ಲಿ ಸ್ಪರ್ಧೆ, ಮುನ್ನೂರು ಗಜ,
ಎಡದಿಂದ ಕಡಲಗಾಳಿ.

“ಹಿತ್ತಾಳೆ ಕಿವಿ ಅಂತ ಸುಮ್ಮನೆ ಅಂದಿಲ್ಲ ಹಿರಿಯರು.
ಮದ್ದು ಕೂಗಿದ್ದನ್ನೆಲ್ಲ ನಂಬಿ ಹಿಗ್ಗುತ್ತದೆ ಇದು.
ಒಳ್ಳೆಯ ಹಿತ್ತಾಳೆ ಆಮೇಲೆ ತುಸು ಕುಗ್ಗಿ
ತನ್ನ ಮೈಗೆ ತಾನು ಮರಳುತ್ತದೆ.
ಕೆಟ್ಟದ್ದು ನಂಬಿದಲ್ಲೇ ಉಳಿದುಬಿಡುತ್ತದೆ.”

ಹಿಗ್ಗಿ ಕುಗ್ಗಿ ಕೊರಳು ಬಿರುಸಾದವಕ್ಕೆ
ಊದುಗೊಳವೆಯಲ್ಲಿ ಒಂದಿಷ್ಟು ಬಿಸಿ ಕೊಟ್ಟೆ,
ಕೊರಳಿಗಷ್ಟೇ, ಬುಡ ನೀರಲ್ಲಿ.
ಈ ಕೆಲಸಕ್ಕೆ ನನ್ನ ಉಸಿರು ಇನ್ನೂ ಸಾಕು.

ಮೂವತ್ತೇಳನೆಯದು ಕೂದಲೆಳೆಯಷ್ಟೂ ಅಲುಗದೆ ಸಮ ನಿಂತಿತು.
ಡಬ್ಬಕ್ಕೆ ಹಾಕಲು ಹೋದವನು ತಡೆದೆ.
ಬುಡದ ಮೇಲೆ ಸುತ್ತ ಒಂದು ಹೊಳಪು,
ಉಂಗುರ ತೆಗೆದ ಬೆರಳಿನ ಗುರುತಿನ ಹಾಗೆ.
ತಂತಿಯ ತುದಿ ಬಗ್ಗಿಸಿ ಒಳಗೆ ಸವರಿದೆ,
ಅಲ್ಲೇ ಸಿಕ್ಕಿಕೊಂಡಿತು.

“ಇದು ಬೇಡ.”
“ಮೊನ್ನೆ ನಟ್ಟನಡುವೆ ಹೊಡೆದದ್ದು ಇದೇ!
ಗೀರು ಹಾಕಿ ಗುರುತಿಟ್ಟಿದ್ದೇನೆ ನೋಡಿ. ಇನ್ನೊಂದೇ ಸಲ.”
“ಚಿನ್ನವಾಗಿದ್ದರೆ ಬೆಸುಗೆ ಹಾಕಿ ಕೊಡುತ್ತಿದ್ದೆ.
ನಾಯಕರೇ, ಇದರ ಹಿಂದೆ ನಿಮ್ಮ ಕೆನ್ನೆ ಇರುತ್ತದೆ.”

ಅವರು ಕೆನ್ನೆ ಸವರಿಕೊಂಡರು. ಕ್ಷೌರ ಮಾಡಿ ಎರಡು ದಿನವಾಗಿತ್ತು.
ಬಸ್ಸಿನ ಹೊತ್ತಾಯಿತೆಂದು ಎದ್ದರು,
ಬೇಡವೆಂದರೂ ಐವತ್ತು ರೂಪಾಯಿ ಇಟ್ಟರು,
ಅದನ್ನೂ ಮೇಜಿನ ಮೇಲೆ ಬಿಟ್ಟು ಹೋದರು.

ಮಧ್ಯಾಹ್ನ ಓಣಿಯಲ್ಲಿ ಯಾರೂ ಇರಲಿಲ್ಲ.
ಕಿವಿಗೆ ಹಿಡಿದೆ ಅದನ್ನು.
ಏನೂ ಹೇಳಲಿಲ್ಲ. ಕೇಳಿ ಕೇಳಿ ಸೋತಿತ್ತು.
ಅಷ್ಟರಲ್ಲಿ ಹೆಂಗಸೊಬ್ಬಳು ಮೆಟ್ಟಿಲೇರಿ ಬಂದು,
ಕರಿಮಣಿ ಪೋಣಿಸಿ ಕೊಡ್ತೀರಾ ಅಂದಳು.